ಬುಧವಾರದ ಬ್ಲಾಗಿಗರು

ಗ್ಯಾಸ್ ಸಿಲಿಂಡರ್ ತಂದವರು ಬಾಗಿಲಲ್ಲಿ ನಿಂತು "ನಿಮ್ಮ ಫೋನ್ ನಂಬರ್ ಹೇಳಿ ಮೇಡಂ" ಅಂದರು. ನಾನು ಗಡಗಡನೆ ಹತ್ತೂ ಅಂಕಿ ಹೇಳಿದೆ. ಅವರು ಕೈಯಲ್ಲಿದ್ದ ಮೊಬೈಲಿನಲ್ಲಿ ಒತ್ತಿ ನೋಡಿ, "ಇದು ನಿಮ್ಮದಲ್ಲ" ಅಂದರು. ನಿಜ, ಅದು ಪಿಂಚಣಿಗೆ ಅರ್ಜಿ ಹಾಕಿಸಿದ್ದ ಒಬ್ಬ ಅಜ್ಜಿಯ ನಂಬರು. ನಕ್ಕು ಇನ್ನೊಂದು ಹೇಳಿದೆ. ಅದು ಪಹಣಿ ತಿದ್ದುಪಡಿಗೆ ಓಡಾಡುತ್ತಿದ್ದ ಒಬ್ಬ ರೈತರದು. ಮೂರನೆಯ ಸಲಕ್ಕೆ ಬಾಯಿ ತೆರೆದವಳು ತೆರೆದೇ ನಿಂತೆ. ಊರಿನ ಅರ್ಧ ಜನರ ನಂಬರು ತಲೆಯೊಳಗಿದ್ದವು, ನನ್ನದು ಮಾತ್ರ ಇರಲಿಲ್ಲ. ಕೊನೆಗೆ ಒಳಗಿನಿಂದ ನಮ್ಮ ಮನೆಯವರು ಕೂಗಿ ಹೇಳಿದರು.

ಇದರಲ್ಲೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆದರೆ ಅದೇ ವಾರ ಸ್ಕೂಟರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಆಟೋದಲ್ಲಿ ಮನೆಗೆ ಬಂದೆ. ಬೇಳೆ ಹಾಕದೆ ಕುಕ್ಕರ್ ಕೂಗಿಸಿದೆ. ಸ್ನಾನ ಮಾಡುವಾಗ ನೀರಿನ ಸದ್ದಿನೊಳಗೆ ಫೋನಿನ 'ಟಿಂಗ್' ಕೇಳಿಸಿ ಸೋಪಿನ ಕೈಯಲ್ಲೇ ಹೊರಗೆ ಬಂದೆ. ಫೋನು ಚಾರ್ಜೇ ಇಲ್ಲದೆ ಸತ್ತು ಬಿದ್ದಿತ್ತು.

ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇದೆ. ಆಧಾರ್ ತಿದ್ದುಪಡಿ, ಜಾತಿ ಸರ್ಟಿಫಿಕೇಟು, ಪಹಣಿ, ಪರೀಕ್ಷೆಯ ಅರ್ಜಿ, ಬಸ್ ಪಾಸು, ಏನು ಬೇಕಾದರೂ ಮಾಡಿಕೊಡುತ್ತೇನೆ. ಬಂದವರು ತಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟು, "ಓಟಿಪಿ ಬತ್ತದಂತೆ, ನೀವೇ ನೋಡ್ಕಳಿ" ಎಂದು ಟೀ ಕುಡಿಯಲು ಹೋಗಿಬಿಡುತ್ತಾರೆ. ಮೇಜಿನ ಮೇಲೆ ಒಂದು ಹೊತ್ತಿಗೆ ಐದಾರು ಫೋನುಗಳು ಒಂದೊಂದು ರಾಗದಲ್ಲಿ ಕೂಗುತ್ತಿರುತ್ತವೆ. ಅವುಗಳ ನಡುವೆ ನನ್ನದು. ಅದರಲ್ಲಿ ಗಿರಾಕಿಗಳ ಗ್ರೂಪು, ಸೆಂಟರ್ ನಡೆಸುವವರ ಗ್ರೂಪು, ಮಗಳ ಕಾಲೇಜಿನ ಗ್ರೂಪು, ಬೀದಿಯ ನೀರಿನ ಗ್ರೂಪು, ನನ್ನ ತವರಿನ ಗ್ರೂಪು, ಅತ್ತೆಮನೆಯ ಗ್ರೂಪು, ಮತ್ತು ಅತ್ತೆಮನೆಯಲ್ಲಿ ಒಬ್ಬರನ್ನು ಮಾತ್ರ ಬಿಟ್ಟು ಮಾಡಿದ ಇನ್ನೊಂದು ಗ್ರೂಪು.

ಗದ್ದಲ ನನಗೆ ಹೊಸದೇನಲ್ಲ. ಇದೇ ಅಂಗಡಿಯಲ್ಲಿ ಮೊದಲು ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಎಂಟು ಮಷಿನ್ನುಗಳು ಒಟ್ಟಿಗೆ ಕುಟ್ಟುತ್ತಿದ್ದವು. ಸ್ಕೂಲಿಂದ ಬಂದವಳು ಮೂಲೆಯ ಬೆಂಚಿನ ಮೇಲೆ ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದೆ. ಭಾನುವಾರ ಸದ್ದಿಲ್ಲದಿದ್ದರೆ ಮಧ್ಯಾಹ್ನದ ನಿದ್ದೆ ಬರುತ್ತಿರಲಿಲ್ಲ. ಕಾರ್ಬನ್ ಪೇಪರ್ ಮುಟ್ಟಿದ ಕೈಯಲ್ಲಿ ಮೂಗು ಒರೆಸಿಕೊಂಡು ಮೀಸೆ ಬರಿಸಿಕೊಳ್ಳುತ್ತಿದ್ದೆ. ಬೀದಿಯ ಆಚೆ ನೂಲು ಬಿಚ್ಚುವ ಮನೆಗಳಿಂದ ಬೆಂದ ಗೂಡಿನ ವಾಸನೆ ಬರುತ್ತಿತ್ತು. ಹೊರಗಿನಿಂದ ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಂಡಾಗಲೇ ಅದೊಂದು ವಾಸನೆ ಎಂದು ನಮಗೆ ನೆನಪಾಗುತ್ತಿದ್ದದ್ದು. ಅಂಥ ಕುಟ್ಟಾಟದಲ್ಲಿ ಬೆಳೆದವಳಿಗೆ ಒಂದು ಟಿಂಗ್ ಯಾಕೆ ಹೀಗೆ ಮಾಡಿತು ಎಂದು ನನಗೇ ಅರ್ಥವಾಗಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋದೆ. ನಾನಾಗಿ ಹೋಗಲಿಲ್ಲ, ನಮ್ಮ ಮನೆಯವರು ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ರಕ್ತ ಪರೀಕ್ಷೆ ಎಲ್ಲ ಆಯಿತು. ಶುಗರ್ ಇಲ್ಲ, ಥೈರಾಯ್ಡ್ ಇಲ್ಲ, ಬಿಪಿ ಒಂದಿಷ್ಟು ಹೆಚ್ಚು.

"ಬ್ರೈನ್ ಟ್ಯೂಮರ್ ಏನಾದ್ರೂ..." ಎಂದೆ. ಆ ಕಾಯಿಲೆಯ ಬಗ್ಗೆ ತವರಿನ ಗ್ರೂಪಿನಲ್ಲಿ ಒಂದು ಮೆಸೇಜು ಬಂದಿತ್ತು.

"ಅದೇನೂ ಇಲ್ಲ. ತಲೆ ತುಂಬಿ ಹೋಗಿದೆ, ಅಷ್ಟೆ" ಎಂದರು ಡಾಕ್ಟರಮ್ಮ. ನಿದ್ದೆಗೊಂದು ಸಣ್ಣ ಮಾತ್ರೆ ಬರೆದುಕೊಟ್ಟು, ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು: "ಒಂದು ಕೆಲಸವನ್ನ ಶುರುವಿನಿಂದ ಕೊನೇವರೆಗೂ, ಮಧ್ಯೆ ಬೇರೆ ಏನೂ ಮುಟ್ಟದೆ, ಮಾಡಿ ಎಷ್ಟು ದಿನ ಆಯ್ತು?"

ಯೋಚಿಸಿದೆ. ಅಡುಗೆ? ಒಲೆಯ ಮುಂದೆಯೂ ಕೈಯಲ್ಲಿ ಫೋನು. ಪೂಜೆ? ಆರತಿ ಮಾಡಿ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇನೆ. ಹಿಂದಕ್ಕೆ ಹಿಂದಕ್ಕೆ ಹೋಗುತ್ತ ನೆನಪು ಒಂದು ಕಡೆ ಬಂದು ನಿಂತಿತು. "ಬ್ಲಾಗ್ ಬರೀತಿದ್ದೆ ಡಾಕ್ಟರ್" ಎಂದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು, ನಾನು ಯಾವುದೋ ಹಳೆಯ ಕಾಯಿಲೆಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ ಎನ್ನುವಂತೆ ತಿರುಗಿ ನೋಡಿದರು.

ಅಪ್ಪನ ಮಷಿನ್ನುಗಳು ಗುಜರಿಗೆ ಹೋದ ಮೇಲೆ ಅಂಗಡಿ ಸೈಬರ್ ಸೆಂಟರ್ ಆಗಿತ್ತು. ಪ್ಲೈವುಡ್ಡಿನ ಐದು ಕ್ಯಾಬಿನ್ನು, ಮೊಣಕಾಲೆತ್ತರದ ಬಾಗಿಲು. ಬಂದವರ ಚಪ್ಪಲಿ ನೋಡಿ ಯಾರು ಒಳಗಿದ್ದಾರೆ ಎಂದು ಹೇಳುತ್ತಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂರಲಾಗದೆ ನಾನೊಂದು ಬ್ಲಾಗು ಶುರುಮಾಡಿದೆ. ಹೆಸರು 'ಅರ್ಧ ಗಂಟೆ'. ಸೈಬರಿನಲ್ಲಿ ಅದಕ್ಕಿಂತ ಕಡಿಮೆಗೆ ಬಾಡಿಗೆ ಇರಲಿಲ್ಲ, ಹಾಗಾಗಿ ಆ ಹೆಸರು. ಕ್ಯಾಬಿನ್ನಿನಲ್ಲಿ ಯಾರೋ ಬಿಟ್ಟು ಹೋದ ಛತ್ರಿ, ಮದುವೆ ಬೇಡವೆಂದು ಹೇಳಲು ಬಂದು ಹುಡುಗಿಯ ಫೋಟೋ ನೋಡಿ ಒಪ್ಪಿ ಹೋದ ಹುಡುಗ, ಕರೆಂಟು ಹೋದಾಗ ಐದೂ ಕ್ಯಾಬಿನ್ನಿನಿಂದ ಒಟ್ಟಿಗೆ ಬರುತ್ತಿದ್ದ 'ಅಯ್ಯೋ', ಇಂಥವನ್ನೆಲ್ಲ ಬರೆಯುತ್ತಿದ್ದೆ.

ಪುಟ್ಟಸ್ವಾಮಣ್ಣ ಮೊದಲ ಸಲ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಸಾತನೂರಿನ ಕಡೆಯವರು, ರೇಷ್ಮೆ ಬೆಳೆಗಾರರು. ಹೆಗಲ ಮೇಲೆ ಟವೆಲು, ಅಂಗಿಯ ತೋಳಿನ ಮೇಲೆ ಗೂಡಿನ ಎಳೆ. ಬಾಗಿಲಲ್ಲಿ ನಿಂತು, "ಒಳ್ಗೆ ಫ್ಯಾನ್ ಐತಾ?" ಎಂದು ಕೇಳಿದರು.

"ಇದೆ. ಆದರೆ ಕಂಪ್ಯೂಟರ್ ಮುಂದೆ ಕೂರೋರಿಗೆ."

"ಆಗ್ಲಿ, ಅದುನ್ನೂ ಒಸಿ ನೋಡಾವ."

ಆಗೆಲ್ಲ ಗೂಡು ತಂದ ರೈತರಿಗೆ ಹರಾಜು ಮುಗಿದು, ತೂಕ ಆಗಿ, ಹಣ ಕೈಗೆ ಬರುವವರೆಗೆ ದಿನವೆಲ್ಲ ಕಾಯುವ ಕೆಲಸ. ಪುಟ್ಟಸ್ವಾಮಣ್ಣ ಫ್ಯಾನಿಗಾಗಿ ಬಾಡಿಗೆ ಕೊಟ್ಟರು, ಕಂಪ್ಯೂಟರ್ ಬಿಟ್ಟಿ ಸಿಕ್ಕಿತು. ಸುಮ್ಮನೆ ಪರದೆ ನೋಡುತ್ತ ಕೂತವರಿಗೆ ಕನ್ನಡ ಟೈಪು ಮಾಡುವುದನ್ನು ನಾನೇ ತೋರಿಸಿಕೊಟ್ಟೆ. ಒಂದೇ ಬೆರಳು, ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಹುಡುಕಿ ಹೊಡೆಯುವುದು. ಕೆಲವು ತಿಂಗಳಲ್ಲಿ ಅವರದೂ ಒಂದು ಬ್ಲಾಗಾಯಿತು: 'ಹುಳದ ಮನೆ'. ಹುಳ ಸೊಪ್ಪು ಮೇಯುವಾಗ ಮಳೆ ಬಂದಂತೆ ಸದ್ದಾಗುವುದು, ಕನಕಪುರದಲ್ಲಿ ಬಸ್ಸು ತಪ್ಪಿ ಗೂಡಿನ ಚೀಲದ ಮೇಲೆ ಕೂತೇ ನಿದ್ದೆ ಮಾಡಿದ್ದು, ಹೆಂಡತಿ ಜಯಮ್ಮನ ಬಾಯಿ, ಜಯಮ್ಮನ ಉಪ್ಪೆಸರು ಸಾರು. ಅವರು ಮಾತಾಡುವ ಹಾಗೆಯೇ ಬರೆಯುತ್ತಿದ್ದರು.

ಮಾಗಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು, ರಂಗಯ್ಯನವರು. ಅವರಿಗೆ ಸ್ವಂತ ಬ್ಲಾಗಿರಲಿಲ್ಲ. ನಮ್ಮೆಲ್ಲರ ಬ್ಲಾಗಿಗೂ ಬಂದು ತಪ್ಪು ತಿದ್ದುವುದೇ ಅವರ ಬ್ಲಾಗು. "ಪುಟ್ಟಸ್ವಾಮಿಯವರೇ, ತಮ್ಮ ಬರಹದಲ್ಲಿ ಹಕಾರ ಎಲ್ಲಿ ಹೋಯಿತು?" ಎಂದು ಒಮ್ಮೆ ಕಮೆಂಟು ಹಾಕಿದರು. ಪುಟ್ಟಸ್ವಾಮಣ್ಣ ಅರ್ಧ ಗಂಟೆ ಟೈಪು ಮಾಡಿ ಉತ್ತರ ಕೊಟ್ಟರು: "ಸಾತನೂರಲ್ಲಿ ಬಸ್ಸು ರಷ್ಷಾಗಿತ್ತು ಸಾ. ಅದು ಅತ್ತಕಾಗ್ದೆ ಅಲ್ಲೇ ಉಳ್ಕತು." ಆ ಒಂದು ಮಾತಿಗೆ ಎಲ್ಲೆಲ್ಲಿಂದಲೋ ಜನ ಬಂದು ನಕ್ಕು ಹೋದರು. ಚನ್ನಪಟ್ಟಣದಿಂದ ಶಾಹೀನಾ ಎಂಬ ಹುಡುಗಿ ಸೇರಿಕೊಂಡಳು. ಅವಳ ಅಪ್ಪನದು ಮರದ ಗೊಂಬೆ ಮಾಡುವ ಕಾರ್ಖಾನೆ. ಅರಗಿನ ಬಣ್ಣಗಳ ಬಗ್ಗೆ ಬರೆಯುತ್ತಿದ್ದಳು. ಒಬ್ಬರನ್ನೊಬ್ಬರು ನೋಡದೆಯೇ ಒಬ್ಬರ ಮನೆಯ ಸಾರಿನ ರುಚಿ ಇನ್ನೊಬ್ಬರಿಗೆ ಗೊತ್ತಿತ್ತು.

ಆಮೇಲೆ ಏನಾಯಿತು ಎನ್ನುವುದು ನಿಮಗೂ ಗೊತ್ತು, ನಿಮಗೂ ಅದೇ ಆಗಿದೆ. ಎಲ್ಲರ ಕೈಗೂ ಫೋನು ಬಂತು. ಕ್ಯಾಬಿನ್ನಿಗೆ ಗಿರಾಕಿ ಇಲ್ಲವಾದರು. ಪ್ಲೈವುಡ್ಡು ಕಿತ್ತು ಅಟ್ಟದ ಮೇಲೆ ಹಾಕಿ ಆನ್‌ಲೈನ್ ಸೆಂಟರ್ ಬೋರ್ಡು ಹಾಕಿದೆ. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದುಕೊಂಡು ನಿಂತದ್ದು ನಿಂತೇಹೋಯಿತು. ನಿಲ್ಲಿಸಿದೆವು ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ಮಾರನೆಯ ದಿನ ಅಂಗಡಿಯಲ್ಲಿ ಕೂತು ಹಳೆಯ ಬ್ಲಾಗು ತೆರೆಯಲು ನೋಡಿದೆ. ಪಾಸ್‌ವರ್ಡು ನೆನಪಿಲ್ಲ. ಹೊಸದು ಬೇಕೆಂದರೆ ಓಟಿಪಿ ಬೇಕಂತೆ! ದಿನವೆಲ್ಲ ಊರಿಗೆ ಓಟಿಪಿ ಹಂಚುವವಳು ನನ್ನ ಓಟಿಪಿಗೆ ಕಾದು ಕೂತೆ. ಕೊನೆಗೆ ಒಳಗೆ ಹೋದರೆ, ನನ್ನ ಒಪ್ಪಿಗೆಗಾಗಿ ಪುಟ್ಟಸ್ವಾಮಣ್ಣನ ಒಂದು ಕಮೆಂಟು ಕಾಯುತ್ತಿತ್ತು. ಅದು ಬಂದು ವರ್ಷಗಳೇ ಆಗಿದ್ದವು. "ಏನವ್ವ, ಅಂಗ್ಡಿ ಬಾಗ್ಲು ತೆಗ್ದೈತೆ, ಇಲ್ಲಿ ಬಾಗ್ಲು ಮುಚ್ಚೈತೆ. ದಾರೀಲಿ ಓಗುವಾಗ ನೋಡ್ದೆ, ಜನ ಇದ್ರು, ಮಾತಾಡುಸ್ನಿಲ್ಲ. ಉಸಾರಾಗಿದ್ದೀಯಾ?"

ಅದನ್ನೇ ಮತ್ತೆ ಮೊದಲಿನಿಂದ ಓದಿದೆ. ಎದುರಿಗೆ ನಿಂತಿದ್ದ ಗಿರಾಕಿ, "ಏನ್ ಮೇಡಂ, ಸರ್ವರ್ ಡೌನಾ?" ಎಂದರು. ಹೌದು ಎಂದೆ.

ಹೇಗಾದರೂ ಮಾಡಿ ಎಲ್ಲರನ್ನೂ ಮತ್ತೆ ಬರೆಸಬೇಕು ಎಂದು ನಿರ್ಧರಿಸಿದೆ. ನಿರ್ಧರಿಸಿ ಮಾಡಿದ ಮೊದಲ ಕೆಲಸ ಯಾವುದು ಗೊತ್ತೆ? ಒಂದು ಗ್ರೂಪು ಮಾಡಿದೆ. 'ಬ್ಲಾಗು ಬಳಗ'. ಹಳೆಯ ಈಮೇಲುಗಳನ್ನು ಜಾಲಾಡಿ ಶಾಹೀನಾಳನ್ನು ಹುಡುಕಿದೆ, ಅವಳು ಮೇಷ್ಟ್ರನ್ನು ಹುಡುಕಿಕೊಟ್ಟಳು, ಮೇಷ್ಟ್ರು ಇನ್ನೂ ಹತ್ತು ಜನರನ್ನು ತಂದರು. ಮೊದಲ ದಿನ ಎಲ್ಲರೂ ಹಳೆಯದನ್ನು ನೆನೆದು ಕಣ್ಣೀರಿನ ಗೊಂಬೆ ಹಾಕಿದರು. ಎರಡನೆಯ ದಿನದಿಂದ ಗುಲಾಬಿ ಹೂವಿನ ಶುಭೋದಯ ಶುರುವಾಯಿತು. ಕರಿಬೇವಿನಿಂದ ಆಗುವ ಉಪಯೋಗಗಳು ಬಂದವು. ಯಾರದೋ ಹುಟ್ಟುಹಬ್ಬ ಬಂತು. ಶುಭಾಶಯ, ಶುಭಾಶಯಕ್ಕೆ ವಂದನೆ, ವಂದನೆಗೆ ಕೈಮುಗಿದ ಚಿತ್ರ. 'ಹುಟ್ಟುಹಬ್ಬ' ಸರಿಯೋ 'ಹುಟ್ಟಿದ ಹಬ್ಬ' ಸರಿಯೋ ಎಂದು ಮೇಷ್ಟ್ರು ಚರ್ಚೆ ಎತ್ತಿದರು. ಇಬ್ಬರು ಕೋಪಿಸಿಕೊಂಡು ಹೊರಟುಹೋದರು. ಬ್ಲಾಗಿನಲ್ಲಿ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ನಾನೂ ಬರೆಯಲಿಲ್ಲ; ಗ್ರೂಪು ಸಂಭಾಳಿಸುವುದೇ ಆಯಿತು.

"ತಲೆ ಭಾರ ಅಂತ ಇನ್ನೊಂದು ತಲೆ ಇಟ್ಕೊಂಡಂಗಾಯ್ತಲ್ಲೇ ವೇಣಿ" ಎಂದರು ನಮ್ಮ ಮನೆಯವರು.

ಆ ದಿನವೇ ಆ ಗ್ರೂಪನ್ನು ಮುಚ್ಚಿದೆ. ಅದೇ ಉತ್ಸಾಹದಲ್ಲಿ ಅತ್ತೆಮನೆಯ ಎರಡನೆಯ ಗ್ರೂಪಿನಿಂದಲೂ ಹೊರಬಂದೆ. ಅದರ ಫಲವಾಗಿ ಈಗ ಮೂರನೆಯದೊಂದು ಇದೆಯಂತೆ, ಅದರಲ್ಲಿ ನಾನಿಲ್ಲ.

ಇಷ್ಟರಲ್ಲಿ ಪುಟ್ಟಸ್ವಾಮಣ್ಣ ಮಾತ್ರ ಸಿಕ್ಕಿರಲಿಲ್ಲ. ಅವರ ಕಮೆಂಟಿಗೆ ಒಪ್ಪಿಗೆ ಕೊಟ್ಟು ಕೆಳಗೆ ಉತ್ತರ ಬರೆದಿದ್ದೆ, ಅದನ್ನು ನೋಡಿದ ಸುಳಿವಿರಲಿಲ್ಲ. ವಯಸ್ಸಾದವರು, ಏನಾಗಿದೆಯೋ ಏನೋ ಎಂಬ ಹೆದರಿಕೆಯೂ ಇತ್ತು. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಗೂಡಿನ ಮಾರ್ಕೆಟ್ಟಿಗೆ ಹೋಗತೊಡಗಿದೆ. ಸಾತನೂರಿನ ಕಡೆಯವರು ಯಾರಾದರೂ ಕಂಡರೆ ವಿಚಾರಿಸುವುದು. ಪುಟ್ಟಸ್ವಾಮಿ ಎಂದರೆ ಯಾವ ಪುಟ್ಟಸ್ವಾಮಿ ಎನ್ನುತ್ತಿದ್ದರು. ಬ್ಲಾಗ್ ಬರೆಯುವವರು ಎಂದರೆ, "ಬ್ಲಾಕಾ? ಅಂತೋರು ಯಾರೂ ನಮ್ಮ ಕಡೆ ಇಲ್ಲ ತಾಯಿ" ಎಂದೊಬ್ಬರು ಗಾಬರಿಯಾಗಿ ಹೇಳಿದರು.

ಕೊನೆಗೆ ಅವರೇ ಸಿಕ್ಕಿದರು. ಸುರಿದ ಬಿಳಿ ಗೂಡಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋನು ನೋಡುತ್ತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಯ್ಯೋ, ಸೈಬರ್ ವೇಣವ್ವ! ನೀನೇನವ್ವ ಇಲ್ಲಿ? ಹುಳ ಸಾಕಕ್ಕೆ ಸುರು ಮಾಡ್ದಾ?"

"ನಿಮ್ಮನ್ನ ಹುಡುಕ್ಕೊಂಡು ಬಂದೆ ಪುಟ್ಟಸ್ವಾಮಣ್ಣ. ಬರೆಯೋದು ಯಾಕೆ ಬಿಟ್ಟುಬಿಟ್ರಿ?"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಬುಡ್ಬೇಕು ಅಂತ ಬುಡ್ಲಿಲ್ಲ ಕಣವ್ವ. ಈಗ ಎಲ್ಲಾ ಬೇಗ ಆಯ್ತದೆ. ಅರಾಜೂ ಕಂಪ್ಯೂಟ್ರಲ್ಲೇ, ದುಡ್ಡೂ ಬ್ಯಾಂಕಿಗೇ. ಮದ್ಯಾನದ ಬಸ್ಸಿಗೆ ಊರು ಸೇರ್ಕಬೋದು. ಒಳ್ಳೇದೇ ಆಯ್ತು ಅನ್ನು. ಆದ್ರೆ ಆಗ ಕಾಯ್ತಿದ್ನಲ್ಲ, ಆ ಒತ್ನಲ್ಲೇ ನಾನು ಬರೀತಿದ್ದಿದ್ದು. ಕಾಯೋದು ನಿಂತೋಯ್ತು, ಬರೆಯೋದೂ ನಿಂತೋಯ್ತು."

"ಈಗಲೂ ಕಾಯ್ತಾ ಕೂತಿದ್ದೀರಲ್ಲ."

"ಇದು ಕಾಯೋದಾ?" ಎಂದು ಕೈಯಲ್ಲಿದ್ದ ಫೋನನ್ನು ತೋರಿಸಿದರು. ಯಾರೋ ಒಬ್ಬಾತ ಮೊಸಳೆಗೆ ಅನ್ನ ತಿನ್ನಿಸುತ್ತಿದ್ದ. "ಬೆಳಗ್ಗಿಂದ ಇಂತವ ಎಷ್ಟು ನೋಡಿವ್ನೋ ಗೊತ್ತಿಲ್ಲ. ಒಂದೂ ಗ್ಯಾಪಕದಲ್ಲಿಲ್ಲ. ಬೆಳ್ಳು ಸವೀತದೆ ಅಷ್ಟೇಯ."

ನನ್ನ ಕಥೆಯನ್ನೂ ಹೇಳಿದೆ. ನಂಬರು ಮರೆತದ್ದು, ಸ್ಕೂಟರು ಬಿಟ್ಟು ಬಂದದ್ದು, ಎಲ್ಲ. ಅವರು ನಗಲಿಲ್ಲ. "ಹುಳ ಜ್ವರಕ್ಕೆ ಕೂತಂಗೆ ಕೂತಿದ್ದೀಯ ನೀನು" ಎಂದರು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಲೂ ಬಾರದು. ಹುಳಕ್ಕೇನು, ಒಂದು ದಿನ ಬಿಟ್ಟರೆ ಸಾಕು. ನನ್ನನ್ನು ಗಿರಾಕಿಗಳು ಒಂದು ಗಂಟೆ ಬಿಡಬೇಕಲ್ಲ ಎಂದೆ.

"ಬುಡದಿದ್ರೆ ನೀನೇ ಬಾಗ್ಲು ಆಕು."

ಹಾಗೆ ಶುರುವಾದದ್ದು ನಮ್ಮ ಬುಧವಾರ. ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಶಟರು ಅರ್ಧ ಇಳಿಸುವುದು, ಫೋನುಗಳೆಲ್ಲ ಡ್ರಾಯರಿಗೆ, ಎರಡು ಕಂಪ್ಯೂಟರು ಬರೆಯುವುದಕ್ಕೇ. ದೂರದಲ್ಲಿದ್ದವರು ತಮ್ಮ ಮನೆಯಲ್ಲೇ ಅದೇ ಹೊತ್ತಿಗೆ ಕೂರಬೇಕು. ಒಂದೇ ನಿಯಮ: ಓದಿದ ಮೇಲೆ ಹೆಬ್ಬೆರಳು ತೋರಿಸುವಂತಿಲ್ಲ, ಏನನ್ನಿಸಿತು ಎಂದು ಒಂದು ವಾಕ್ಯವಾದರೂ ಬರೆಯಬೇಕು. ಗೂಡು ಇರಲಿ ಬಿಡಲಿ, ಪುಟ್ಟಸ್ವಾಮಣ್ಣ ಬಸ್ಸು ಹತ್ತಿ ಬರುತ್ತೇನೆ ಎಂದರು.

ಮೊದಲ ಬುಧವಾರ ನಾನು ಒಂದು ಸಾಲೂ ಬರೆಯಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಡ್ರಾಯರಿನ ಕಡೆ ಹೋಗುತ್ತಿತ್ತು. ಮಗಳಿಗೆ ಏನಾದರೂ ಆಗಿದ್ದರೆ? ನೀರು ಬಂದಿದ್ದರೆ? ಹೊರಗೆ ಒಬ್ಬರು ಬಗ್ಗಿ ಶಟರಿನ ಕೆಳಗಿಂದ ಮುಖ ತೂರಿಸಿ, "ವೇಣಕ್ಕಾ, ಒಂದೇ ಒಂದು ಪ್ರಿಂಟು" ಎಂದರು. ಎದ್ದೇಬಿಟ್ಟಿದ್ದೆ. ಪಕ್ಕದಲ್ಲಿ ಒಂದೇ ಬೆರಳಿನಲ್ಲಿ 'ಸೊ' ಹುಡುಕುತ್ತಿದ್ದ ಪುಟ್ಟಸ್ವಾಮಣ್ಣ ಪರದೆಯಿಂದ ಕಣ್ಣು ತೆಗೆಯದೆ, "ನಾಳಿಕ್ಕೆ ಬಾರಪ್ಪ, ಅಕ್ಕಂಗೆ ಜ್ವರ" ಎಂದರು. ಪ್ರಿಂಟಿಗೆ ಬಂದವರು ಎದುರು ಅಂಗಡಿಗೆ ಹೋದರು. ಸಂಜೆಯವರೆಗೂ ಆ ಒಂದು ಪ್ರಿಂಟಿನ ಚಿಂತೆಯೇ. ಮಾರನೆಯ ದಿನ ಅವರೇ ಬಂದು, "ಜ್ವರ ಕಡಿಮೆ ಆಯ್ತಾ ಅಕ್ಕ?" ಎಂದು ವಿಚಾರಿಸಿ ಇನ್ನೊಂದು ಅರ್ಜಿ ಹಾಕಿಸಿಕೊಂಡು ಹೋದರು.

ಎರಡನೆಯ ವಾರ ನಾಲ್ಕು ಸಾಲು ಬರೆದೆ. ಓದಿದರೆ ನನಗೇ ನಗು ಬಂತು. ಸರ್ಕಾರಿ ಅರ್ಜಿಯ ಹಾಗಿತ್ತು. "ಈ ಮೂಲಕ ತಿಳಿಸುವುದೇನೆಂದರೆ" ಎಂದು ಶುರುಮಾಡಿದ್ದೆ. ಮಾಗಡಿಯಿಂದ ಮೇಷ್ಟ್ರು ಬರೆದರು, "ಕಾಗುಣಿತ ಸರಿಯಾಗಿದೆ. ಬರಹ ಸತ್ತಿದೆ. ಮುಂದುವರಿಸಿ." ಬೇರೆ ಯಾರಾದರೂ ಅಂದಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ. ಶಾಹೀನಾ, ತನ್ನ ಅಪ್ಪ ಈಗ ಮಾಡದ ಒಂದು ಕೆಂಪು ಬಣ್ಣದ ಬಗ್ಗೆ ಬರೆದಳು. ಪುಟ್ಟಸ್ವಾಮಣ್ಣ ಸಾತನೂರಿನ ಬಸ್ಸಿನಲ್ಲಿ ಈಗ ಗಂಡಸರಿಗೆ ಸೀಟೇ ಸಿಗುವುದಿಲ್ಲವೆಂದು ಬರೆದರು. ಮೊದಲಿನ ಜನರಲ್ಲಿ ಮುಕ್ಕಾಲು ಪಾಲು ಬರಲಿಲ್ಲ. ಬಂದವರು ಬಂದರು.

ತಲೆ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗುರುವಾರ ಬೆಳಗ್ಗೆ ಮೇಜಿನ ಮೇಲೆ ಮತ್ತೆ ಅದೇ ಫೋನುಗಳ ಸಂತೆ. ಮಾತ್ರೆಯೂ ಇದೆ. ಆದರೆ ಸ್ನಾನಕ್ಕೆ ಹೋದರೆ ಸ್ನಾನ ಮುಗಿಸಿಯೇ ಬರುತ್ತೇನೆ. ಇದನ್ನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಯಾಕೋ ನನಗೆ ಹೆಮ್ಮೆಯಾಯಿತು.

ಹೀಗಿರುವಾಗ ಒಂದು ಬುಧವಾರ ಪುಟ್ಟಸ್ವಾಮಣ್ಣ ಬರಲಿಲ್ಲ. ಅವರ ಹೊತ್ತಿಗೆ ಶಟರಿನ ಕೆಳಗೆ ಬಗ್ಗಿ ಬಂದವರು ಒಬ್ಬ ಹೆಂಗಸು. ಅರವತ್ತರ ಆಸುಪಾಸು, ಹಸಿರು ಸೀರೆ, ಕೈಯಲ್ಲಿ ವೈರಿನ ಬ್ಯಾಗು. ಒಳಗೆಲ್ಲ ಕಣ್ಣಾಡಿಸಿ, "ಇದೇ ಏನವ್ವ ಫ್ಯಾನಿನ ಅಂಗ್ಡಿ?" ಎಂದರು. ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು, ಜಯಮ್ಮ. ಅವರೊಬ್ಬರೇ ಬಂದದ್ದು ನೋಡಿ ಎದ್ದು ನಿಂತೆ.

"ಪುಟ್ಟಸ್ವಾಮಣ್ಣ ಚೆನ್ನಾಗಿದ್ದಾರಾ ಜಯಕ್ಕ?"

"ಅವ್ರಿಗೇನಾಗೈತೆ? ಹುಳ ಜ್ವರ ಬುಟ್ಟು ಎದ್ದವೆ, ಅವ್ರುನ್ನ ಸೊಪ್ಪು ಕುಯ್ಯಕ್ಕೆ ಬುಟ್ಟು ಬಂದಿವ್ನಿ. ನಾನು ಇಲ್ಲಿಗೆ ಬಂದಿರದು ಅವ್ರಿಗೆ ಗೊತ್ತಿಲ್ಲ. ಕನಕಪುರಕ್ಕೆ ಕಣ್ಣು ತೋರ್ಸಕ್ಕೆ ಅಂದಿವ್ನಿ." ಪುಟ್ಟಸ್ವಾಮಣ್ಣನ ಕುರ್ಚಿಯಲ್ಲಿ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರು. "ನಂದೂ ಒಂದು ಬರ್ಕೊಡವ್ವ. ನಂಗೆ ಸೈನ್ ಆಕಕ್ಕೆ ಬತ್ತದೆ ಅಷ್ಟೇಯ."

ಅವರ ಸೊಸೆ ಈಚೆಗೆ 'ಹುಳದ ಮನೆ'ಯ ಹಳೆಯ ಬರಹಗಳನ್ನೆಲ್ಲ ಫೋನಿನಲ್ಲಿ ಓದಿ ಹೇಳಿದಳಂತೆ. ಅದರಲ್ಲಿ ಒಂದು, ಜಯಮ್ಮ ಒಂದು ದೋಸೆಗಾಗಿ ಮುನಿಸಿಕೊಂಡು ತವರಿಗೆ ಹೋದ ಕಥೆ. ನನಗೆ ಚೆನ್ನಾಗಿ ನೆನಪಿತ್ತು. ಆ ಕಾಲಕ್ಕೆ ಬಹಳ ಓಡಿದ ಬರಹ ಅದು. ಗಂಡ ಅಷ್ಟು ದೂರದಿಂದ ಕಟ್ಟಿಸಿಕೊಂಡು ತಂದ ಮಸಾಲೆ ದೋಸೆಯನ್ನು ಮುಟ್ಟದೆ ಬೈರಮಂಗಲಕ್ಕೆ ಹೋದ ಹೆಂಡತಿ, ಮನೆತುಂಬ ಹಸಿದ ಹುಳ, ನಡುವೆ ಒದ್ದಾಡುವ ಗಂಡ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

"ಬರ್ಕೋ" ಎಂದರು ಜಯಕ್ಕ. ನಾನು ಬರೆದುಕೊಂಡೆ.

"ಅವತ್ತು ಗೂಡಿಗೆ ಒಳ್ಳೆ ರೇಟು ಸಿಕ್ಕಿತ್ತು. ನೀನೂ ರಾಮನಗರಕ್ಕೆ ಬಾ, ಇಬ್ರೂ ಓಟ್ಲಲ್ಲಿ ಕೂತ್ಕಂಡು ದೋಸೆ ತಿನ್ನಾವ ಅಂತ ಅವ್ರೇ ಯೋಳಿ ಕಳ್ಸಿದ್ರು. ಮದ್ವೆ ಆದಾಗಿಂದ ನಾನು ಓಟ್ಲಲ್ಲಿ ಕೂತಿರ್ನಿಲ್ಲ. ಮದ್ವೆ ಸೀರೆ ಉಟ್ಕಂಡು ಬಂದೆ. ಮಾರ್ಕೆಟ್ ಗೇಟ್ ತಾವ ನಿಲ್ಲು ಅಂದಿದ್ರು, ನಿಂತ್ಕಂಡೆ. ಬಿಸ್ಲು ಈ ಕಡೆಯಿಂದ ಆ ಕಡೆಗೆ ಓಯ್ತು. ಯಾರ್ಯಾರೋ ಯಾಕಮ್ಮ ನಿಂತಿದ್ದೀಯ ಅಂದ್ರು. ನಮ್ಮೋರು ಬತ್ತಾರೆ ಅಂದೆ. ಗೇಟಿನೋನು ಬೀಗ ಆಕಕ್ಕೆ ಬಂದಾಗ ನಾಚ್ಕೆ ಆಗೋಯ್ತು. ಬಸ್ ಸ್ಟ್ಯಾಂಡಿಗೆ ಬಂದೆ. ತವರಿನ ಕಡೆ ಓಗೋ ಬಿಡದಿ ಬಸ್ಸು ನಿಂತಿತ್ತು. ಅತ್ಬುಟ್ಟೆ."

ನನ್ನ ಕೈ ನಿಂತಿತು. ಆ ಹೊತ್ತಿನಲ್ಲಿ ಅವರು ಎಲ್ಲಿದ್ದರು ಎಂದು ನಾನು ಕೇಳಬೇಕಾಗಿರಲಿಲ್ಲ. ಗೇಟಿನಿಂದ ಇನ್ನೂರು ಹೆಜ್ಜೆಯೂ ಇಲ್ಲದ ಈ ಅಂಗಡಿಯಲ್ಲಿ, ಇದೇ ಫ್ಯಾನಿನ ಕೆಳಗೆ, ಒಂದು ಬೆರಳಿನಲ್ಲಿ ಕುಟ್ಟುತ್ತ ಹೊತ್ತು ಹೋದದ್ದೇ ತಿಳಿಯದೆ ಕೂತಿದ್ದರು. ಬಹುಶಃ ಜಯಮ್ಮನ ಉಪ್ಪೆಸರಿನ ಬಗ್ಗೆಯೇ ಬರೆಯುತ್ತಿದ್ದರೋ ಏನೋ.

"ಯಾಕವ್ವ ನಿಲ್ಲಿಸ್ದೆ? ಬರಿ" ಎಂದರು ಜಯಕ್ಕ. "ದೋಸೆ ಕಟ್ಟಿಸ್ಕಂಡು ಬಂದಿದ್ರಂತೆ. ತಣ್ಣಗಾಗಿ ಎಕ್ಕಡದಂಗೆ ಆಗಿತ್ತಂತೆ, ನಮ್ಮತ್ತೆ ಯೋಳಿದ್ರು. ಅವ್ರು ಕಾಯ್ತಿದ್ದೆ ಕಾಯ್ತಿದ್ದೆ ಅಂತ ಎಲ್ಲಾದ್ರಲ್ಲೂ ಬರ್ದವ್ರೆ. ಅವ್ರಿಗೆ ಫ್ಯಾನಿತ್ತು. ನಾನು ಬಿಸ್ಲಲ್ಲಿ ಕಾದಿದ್ದುನ್ನ ಯಾರೂ ಬರ್ದಿಲ್ಲ. ಅಷ್ಟೇಯ. ಇಲ್ಲಿಗೆ ಮುಗೀತು."

ಓದಿ ಹೇಳು ಎಂದರು. ಓದಿದೆ. ಒಂದು ಕಡೆ ನಾನು 'ಹೋಟೆಲಿನಲ್ಲಿ' ಎಂದು ತಿದ್ದಿದ್ದೆ, "ನಾನು ಅಂಗೆ ಅಂದ್ನಾ?" ಎಂದು ಸರಿಮಾಡಿಸಿದರು. ಹೆಸರೇನು ಇಡಲಿ ಎಂದರೆ, "ಜಯಮ್ಮ ಅಂತ ಆಕು" ಎಂದರು. ನಾನು ಕೇಳಿದ್ದು ಬರಹದ ಹೆಸರು. ಹಾಗೆಯೇ ಇಟ್ಟೆ. ನನ್ನ ಬ್ಲಾಗಿನಲ್ಲೇ ಹಾಕಿದೆ. ಅವರು ಎದ್ದು ಹೋದ ಮೇಲೆ ಡ್ರಾಯರು ನೆನಪಾಯಿತು. ಅಷ್ಟು ಹೊತ್ತು ಅದೊಂದು ಇದೆ ಎನ್ನುವುದೇ ಮರೆತಿತ್ತು.

ಮೇಷ್ಟ್ರ ಕಮೆಂಟು ಮೊದಲು ಬಂತು. "ತಿದ್ದುವುದಕ್ಕೆ ಏನೂ ಇಲ್ಲ" ಎಂದಷ್ಟೇ ಇತ್ತು. ಶಾಹೀನಾ ಬರೆದಳು, ದೂರದೂರಿನವರು ಬರೆದರು. ಅನೇಕ ಹೆಂಗಸರು ತಾವು ಎಲ್ಲೆಲ್ಲಿ ನಿಂತು ಕಾದಿದ್ದೆವು ಎಂದು ಬರೆದರು. ಪುಟ್ಟಸ್ವಾಮಣ್ಣನಿಂದ ಮಾತ್ರ ಏನೂ ಬರಲಿಲ್ಲ. ಒಂದು ಸಂಸಾರದ ಹಳೆಯ ಗಾಯವನ್ನು ನಾನೇ ಕೆದಕಿದೆನೇನೋ ಎಂದು ಆ ವಾರವೆಲ್ಲ ಅಳುಕಿತ್ತು. ಮುಂದಿನ ಬುಧವಾರ ಶಟರು ಇಳಿಸಿ ಒಬ್ಬಳೇ ಕೂತೆ. ಅವರ ಬಸ್ಸಿನ ಹೊತ್ತು ದಾಟಿತು. ಇನ್ನು ಬರುವುದಿಲ್ಲ ಎಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಶಟರಿನ ಕೆಳಗೆ ಮೊದಲು ಹಸಿರು ಸೀರೆ ಬಗ್ಗಿತು, ಹಿಂದೆಯೇ ಟವೆಲು. ಪುಟ್ಟಸ್ವಾಮಣ್ಣ ನನ್ನ ಕಡೆ ನೋಡದೆ ತಮ್ಮ ಕುರ್ಚಿಗೆ ಹೋದರು. ಆಮೇಲೆ ಏನೋ ಹೊಳೆದವರಂತೆ ಎದ್ದು ಪಕ್ಕದ ಕುರ್ಚಿಯನ್ನು ಎಳೆದು ಫ್ಯಾನಿನ ಸರಿ ಕೆಳಗೆ ಹಾಕಿ, "ಇಲ್ಲಿ ಕೂತ್ಕೊ" ಎಂದರು. ಜಯಕ್ಕ ಕೂತು ಸೆರಗಿಗೆ ಅಂಟಿದ್ದ ಚಟ್ನಿಯ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದರು.

ಪುಟ್ಟಸ್ವಾಮಣ್ಣ ಪರದೆಯ ಮುಂದೆ ಕೂತರು. ಬೆರಳು ಕೀಲಿಮಣೆಯ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು.

"ಏನಂತ ಬರೀಲಮ್ಮಿ?" ಎಂದರು ಕೊನೆಗೆ.

ಜಯಕ್ಕ ಕಲೆ ಕೆರೆಯುತ್ತಲೇ ಹೇಳಿದರು, "ದೋಸೆ ಬಿಸಿಯಾಗಿತ್ತು ಅಂತ ಬರಿ."